ಹತ್ತು ಅಡಿಗೆ ಅರ್ಧ ಇಂಚು

ಶಹಾಬಾದಿನ ಒಂದು ಕಲ್ಲಿನ ಯಾರ್ಡಿನಲ್ಲಿ ನನ್ನ ಕೆಲಸ ಕಲ್ಲಿಗೆ ಬೇಡ ಅನ್ನುವುದು. ಗಣಿಯಿಂದ ಬಂದ ಫರ್ಸಿಯನ್ನು, ಅಂದರೆ ಹಾಸುಗಲ್ಲನ್ನು, ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳುತ್ತೇನೆ, ದಪ್ಪ ಅಳೆಯುತ್ತೇನೆ, ಒಡಕು ಕಂಡದ್ದನ್ನು ಪಕ್ಕಕ್ಕೆ ಹಾಕಿಸುತ್ತೇನೆ. ದಿನಾ ಬೆಳಿಗ್ಗೆ ನಾಲವಾರದಲ್ಲಿ ರೈಲು ಹತ್ತಿ, ಸೀಟಿಗಾಗಿ ಒಂದು ಜಗಳ ಮುಗಿಸಿ, ಯಾರ್ಡಿಗೆ ಬರುವಷ್ಟರಲ್ಲಿ ನನ್ನ ಸಿಟ್ಟು ಹದಕ್ಕೆ ಬಂದಿರುತ್ತದೆ. ಕಲ್ಲು ಆರಿಸಲು ಅಷ್ಟು ಸಿಟ್ಟು ಬೇಕು. ಅಂಥವಳನ್ನು ಮಾಲಕರು ಒಂದು ದಿನ ಕರೆದು ಐರ್ಲೆಂಡಿಗೆ ಹೋಗಿ ಬರ್ರಿ ಅಂದರು. ಪಕ್ಕದ ವಾಡಿಗೆ ಹೋಗಿ ಬರ್ರಿ ಅಂದವರಿಗೆ ತಲೆಯಾಡಿಸಿದಂತೆ ಆಡಿಸಿ ಹೊರಗೆ ಬಂದೆ. ಏನು ಹೇಳಿದರು ಎಂಬುದು ತಲೆಗೆ ಹತ್ತಿದ್ದು ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ.

ವಿಷಯ ಇಷ್ಟು. ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಹಳ್ಳಿಯ ಜನ ತಮ್ಮ ಸಮುದಾಯ ಭವನದ ನೆಲಕ್ಕೆ ನಮ್ಮ ಕಲ್ಲು ತರಿಸಿದ್ದರು. ಮೊದಲಿದ್ದ ಹಲಗೆಯ ನೆಲ ಕೊಳೆತುಹೋಗಿ ಭವನ ಎರಡು ಚಳಿಗಾಲದಿಂದ ಮುಚ್ಚಿತ್ತು. ಕಲ್ಲು ಹೋಗಿ ಮುಟ್ಟಿತ್ತು. ಅದನ್ನು ಹಾಸಬೇಕಾಗಿದ್ದ ಅಲ್ಲಿಯ ಕೆಲಸಗಾರ ಏಣಿಯಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ನಮ್ಮದು ಪದರ ಪದರವಾಗಿ ಎಬ್ಬಿಸಿದ ಕಲ್ಲು, ಒಂದರ ದಪ್ಪ ಇನ್ನೊಂದಕ್ಕಿಲ್ಲ. ಹಾಸುವ ಕೈ ಗೊತ್ತಿರುವವರನ್ನು ಕಳಿಸಿ ಎಂದು ಅಲ್ಲಿಯ ವ್ಯಾಪಾರಿ ಬರೆದಿದ್ದ. ಮಾಲಕರು ನಮ್ಮ ಗೌಂಡಿ ಕಾಕಾನನ್ನು ಆರಿಸಿದರು. ಕಾಕಾನಿಗೆ ಕನ್ನಡ, ತೆಲುಗು, ದಖನಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅದಕ್ಕಾಗಿ, ಮತ್ತೆ ಅಳತೆಯ ಹಾಳೆಗೆ ಸಹಿ ಹಾಕುವುದಕ್ಕಾಗಿ, ನಾನು.

ಮನೆಯಲ್ಲಿ ನಮ್ಮ ಯಜಮಾನರು ಒಂದೇ ಮಾತು ಹೇಳಿದರು. "ಹೋಗಿ ಬಾ. ಅಲ್ಲಿ ಮಂದಿಗಿ ಬೈಬ್ಯಾಡ, ಅವ್ರಿಗಿ ರೂಢಿ ಇರಂಗಿಲ್ಲ."

ಗೌಂಡಿ ಕಾಕಾ ಅರವತ್ತರ ಆಸುಪಾಸಿನ ಮನುಷ್ಯ. ಊರು ಚಿಂಚೋಳಿ ತಾಲೂಕಿನ ಐನಾಪುರ, ದುಡಿಮೆಯೆಲ್ಲ ಶಹಾಬಾದಿನಲ್ಲಿ. ಆತ ಹಾಸಿದ ನೆಲಗಳ ಮೇಲೆ ಸೇಡಂ, ಚಿತ್ತಾಪುರದ ಎಷ್ಟೋ ಮನೆಗಳಲ್ಲಿ ಮದುವೆಯ ಪಂಕ್ತಿಗಳು ಕುಳಿತು ಎದ್ದಿವೆ. ತಾನು ಹಾಸಿದ ಕಲ್ಲನ್ನು ತಾನೇ ಕಿತ್ತದ್ದಿಲ್ಲ ಎಂಬುದು ಅವನ ಹೆಮ್ಮೆ, ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ಹೊರಡುವಾಗ ಕರಣಿ, ಮೂಲೆ ನೋಡುವ ಗುಣಿಯಾ, ದಾರದ ಉಂಡೆ, ಮಟ್ಟ ನೋಡುವ ನೀರಿನ ಪೈಪು ಎಲ್ಲವನ್ನೂ ಧೋತರದಲ್ಲಿ ಸುತ್ತಿ ತಂದಿದ್ದ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿದ ಅಧಿಕಾರಿಗೆ ಪ್ರತಿಯೊಂದರ ಉಪಯೋಗವನ್ನು ದಖನಿಯಲ್ಲಿ ವಿವರಿಸಿದ. ನಮ್ಮ ಹಿಂದೆ ನಿಂತ ಸಾಲು ಬೆಳೆಯುತ್ತಲೇ ಇತ್ತು.

ಆ ಹಳ್ಳಿಗೆ ಒಂದೇ ರಸ್ತೆ. ರಸ್ತೆಯ ಮೇಲೆ ಒಂದು ಚರ್ಚು, ಒಂದು ಶಾಲೆ, ಅಂಚೆಯನ್ನೂ ತಾನೇ ನೋಡಿಕೊಳ್ಳುವ ಒಂದು ಕಿರಾಣಿ ಅಂಗಡಿ, ಎರಡು ಪಬ್ಬು, ತುದಿಯಲ್ಲಿ ನಮ್ಮ ಭವನ. ಜನ ನಮ್ಮ ಕಡೆಯ ಒಂದು ಓಣಿಯಷ್ಟು. ನಮಗೆ ಇಳಿಯಲು ಜಾಗ ಕೊಟ್ಟವಳು ಎಂಬತ್ತು ದಾಟಿದ ಒಬ್ಬ ಅಜ್ಜಿ. ಭವನದ ಕೀಲಿಕೈ ಅವಳ ಕೋಟಿನ ಜೇಬಿನಲ್ಲೇ ಇರುತ್ತಿತ್ತು, ಕಮಿಟಿಯಲ್ಲಿ ಹತ್ತು ಜನರಿದ್ದರೂ ಭವನ ಅವಳದೇ ಎಂದು ಎಲ್ಲರೂ ಒಪ್ಪಿಕೊಂಡಂತಿತ್ತು. ನಾವಿಬ್ಬರೂ ಅವಳನ್ನು ಕೀಲಿ ಅಜ್ಜಿ ಎಂದೇ ಕರೆದೆವು. ಕಮಿಟಿಯಲ್ಲಿ ಅರ್ಧ ಜನ ವಿನೈಲ್ ಹಾಳೆ ಹಾಸಿ ಕೈತೊಳೆದುಕೊಳ್ಳೋಣ ಅಂದಾಗ, ಕಲ್ಲೇ ಆಗಬೇಕು ಎಂದು ಹಟ ಹಿಡಿದವಳು ಅವಳು. ನಮ್ಮ ಕೈ ಕೆಳಗೆ ಕೆಲಸಕ್ಕೆ ಬಂದವನು ಕುರಿ ಸಾಕುವ ಒಬ್ಬ ರೈತ, ಐವತ್ತರವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಡಿಮೆ.

ಇಪ್ಪತ್ತನಾಲ್ಕನೇ ದಿನ, ಭಾನುವಾರ, ಭವನ ತೆರೆಯಬೇಕು. ಅಂದು ಪಕ್ಕದ ಹಳ್ಳಿಯವರು ಬರುತ್ತಾರೆ ಎಂದು ಅಜ್ಜಿ ಹೇಳಿದಳು. ಬಂದು ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಚಹಾ, ಭಾಷಣ, ಮತ್ತೇನು ಅಂದುಕೊಂಡೆ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ.

ಭವನ ಐವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲ. ಎರಡಡಿ ಚೌಕದ ಕಲ್ಲು, ಸಾಲಿಗೆ ಹನ್ನೊಂದರಂತೆ ಇಪ್ಪತ್ತೈದು ಸಾಲು. ಕೆಳಗಿನ ಕಾಂಕ್ರೀಟನ್ನು ಅಲ್ಲಿಯವರೇ ಹಾಕಿ ಮಟ್ಟ ಮಾಡಿಟ್ಟಿದ್ದರು. ಅದರ ಮೇಲೆ ಸುಣ್ಣ ಮತ್ತು ಮರಳಿನ ಗಚ್ಚು ಹರಡಿ ಕಲ್ಲು ಕೂರಿಸಬೇಕು. ಸಿಮೆಂಟು ಬೇಡ, ಹಳೆಯ ಗೋಡೆಗಳಿಗೆ ಸುಣ್ಣವೇ ಒಗ್ಗುತ್ತದೆ ಎಂಬುದು ಕಮಿಟಿಯ ಷರತ್ತು. ಕಾಕಾನಿಗೆ ಅದು ಖುಷಿಯ ವಿಷಯ. "ಸುಣ್ಣದ ಕೆಲಸ ಮರ್ತೇ ಹೋಗ್ಯಾದ ಅಂತ ತಿಳ್ಕೊಂಡಿದ್ದೆ, ಇವ್ರು ಜ್ಞಾಪಕ ಇಟ್ಟಾರ ನೋಡ್ರಿ ಮೇಡಂ," ಅಂದ.

ಖುಷಿ ಎರಡು ದಿನ ಬಾಳಿತು. ಅಕ್ಟೋಬರ್ ತಿಂಗಳು, ಹೊರಗೆ ಜಿಟಿಜಿಟಿ, ಒಳಗೆ ಥಂಡಿ. ಗಚ್ಚು ಒಣಗುವುದೇ ಇಲ್ಲ. ನಮ್ಮಲ್ಲಿ ಬೆಳಿಗ್ಗೆ ಕೂರಿಸಿದ ಕಲ್ಲಿನ ಮೇಲೆ ಸಂಜೆ ಮನುಷ್ಯ ಕೂತು ಬೀಡಿ ಸೇದಬಹುದು. ಇಲ್ಲಿ ಮೂರನೇ ದಿನವೂ ಕಲ್ಲು ಅಲುಗುತ್ತಿತ್ತು. ಕಾಕಾ ಮೂರು ಸ್ವೆಟರ್, ಮೇಲೊಂದು ಮಂಕಿ ಟೋಪಿ ಹಾಕಿಕೊಂಡು ಗಚ್ಚಿಗೆ ಬೆರಳು ಚುಚ್ಚಿ ನೋಡುತ್ತ, ಆ ದೇಶದ ಸೂರ್ಯನಿಗೆ ಐನಾಪುರದ ಭಾಷೆಯಲ್ಲಿ ಬೈಯುತ್ತಿದ್ದ. ಕುರಿಯವನು ಎರಡು ಹೀಟರ್ ತಂದ. ಹೀಟರಿನ ಮುಂದಿನ ಗಚ್ಚು ಬೇಗ ಒಣಗಿ ಬಿರುಕು ಬಿಟ್ಟಿತು. ಎರಡು ಸಾಲಿನ ಸಂದು ಕೆಟ್ಟಮೇಲೆ ಹೀಟರ್ ವಾಪಸ್ಸು ಕಳಿಸಿ, ಗೋಣಿತಟ್ಟು ಮುಚ್ಚಿ, ಒಣಗುವಷ್ಟು ಒಣಗಲಿ ಎಂದು ಮುಂದಿನ ಸಾಲಿಗೆ ಹೋದೆವು.

ಈಗ ವಾಟದ ವಿಷಯ ಹೇಳಬೇಕು. ನಮ್ಮ ಕಡೆ ಮನೆಯ ನೆಲವನ್ನು ಕೊಡದಿಂದ ನೀರು ಸುರಿದು, ಕಸಬರಿಗೆಯಿಂದ ಉಜ್ಜಿ ತೊಳೆಯುತ್ತಾರೆ. ಆ ನೀರು ತಾನಾಗಿ ಬಾಗಿಲಿಗೆ ಹೋಗಿ ಹೊಸ್ತಿಲ ಪಕ್ಕದ ತೂತಿನಿಂದ ಹೊರಬೀಳಬೇಕು. ಅದಕ್ಕೆ ಒಳಗಿನಿಂದ ಬಾಗಿಲ ಕಡೆಗೆ ಒಂದಿಷ್ಟು ಇಳಿಜಾರು ಕೊಡುತ್ತಾರೆ. ಅದೇ ವಾಟ. ಹತ್ತು ಅಡಿಗೆ ಅರ್ಧ ಇಂಚು, ಕಣ್ಣಿಗೆ ಕಾಣುವುದಿಲ್ಲ, ನಡೆದರೆ ಗೊತ್ತಾಗುವುದಿಲ್ಲ, ನೀರಿಗೆ ಮಾತ್ರ ಗೊತ್ತು. ವಾಟವಿಲ್ಲದ ನೆಲ ಹಾಸಿದ ಗೌಂಡಿಯನ್ನು ಮನೆಯಾಕೆ ಜೀವಮಾನವಿಡೀ ಬೈಯುತ್ತಾಳೆ. ಇದನ್ನು ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲ. ಅನ್ನಕ್ಕೆ ನೀರು ಹಾಕು ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಕಾಕಾ ಒಳಗಿನ ತುದಿಯಲ್ಲಿ ಗಚ್ಚನ್ನು ನಾಲ್ಕು ಇಂಚು ದಪ್ಪ ಹಾಕಿದ. ಬಾಗಿಲಿಗೆ ಬರುವಷ್ಟರಲ್ಲಿ ಅದು ಒಂದೂವರೆ ಇಂಚಿಗೆ ಇಳಿದಿತ್ತು. ನೀರಿನ ಪೈಪಿನ ಇನ್ನೊಂದು ತುದಿ ಹಿಡಿದು ನಿಂತವಳು ನಾನೇ. ಐವತ್ತು ಅಡಿಗೆ ಎರಡೂವರೆ ಇಂಚು ಕರೆಕ್ಟಾಗಿ ಬಂದಾಗ ಶಹಬ್ಬಾಸ್ ಎಂದವಳೂ ನಾನೇ. ಕಮಿಟಿಯವರು ಕೊಟ್ಟ ನಕ್ಷೆಯಲ್ಲಿ ನೆಲದ ಎರಡೂ ತುದಿಗೆ ಒಂದೇ ಅಂಕಿ ಬರೆದಿತ್ತು. ಅದನ್ನು ನೋಡಿದ್ದೆ. ವಾಟವನ್ನು ಯಾರು ಬರೆಯುತ್ತಾರೆ ಎಂದು ಮಡಚಿಟ್ಟಿದ್ದೆ.

ನಡುವಿನ ಒಂದು ಭಾನುವಾರ ಕುರಿಯವನು ತನ್ನ ಗಾಡಿಯಲ್ಲಿ ನಮ್ಮನ್ನು ಸುತ್ತಮುತ್ತ ತಿರುಗಿಸಿದ. ಹೊಲಕ್ಕೆಲ್ಲ ಕಲ್ಲಿನ ಗೋಡೆ, ಗಚ್ಚಿಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಸಂದುಗಳಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಗುಡ್ಡದ ಮೇಲೆ ಹುಲ್ಲಿಗಿಂತ ಬಂಡೆ ಹೆಚ್ಚು, ಬೂದು ಬಣ್ಣದ ಸುಣ್ಣದ ಕಲ್ಲು, ನಮ್ಮದರ ದಾಯಾದಿ. ಕಾಕಾ ಗಾಡಿ ನಿಲ್ಲಿಸಲು ಹೇಳಿ, ಇಳಿದು ಗೋಡೆಯ ಮೇಲೆ ಕೈಯಾಡಿಸಿದ.

"ನಾವು ಫರ್ಸಿ ನಿಂದ್ರಿಸಿ ಬೇಲಿ ಮಾಡ್ತೀವಿ, ಇವ್ರು ಮಲಗಿಸಿ ಮಾಡ್ಯಾರ. ಸಂದು ಯಾಕ ಬಿಟ್ಟಾರಂತ ಕೇಳ್ರಿ."

ಕೇಳಿದೆ. ಗಾಳಿ ಹಾದುಹೋಗಲಿ ಎಂದು, ಸಂದು ಮುಚ್ಚಿದರೆ ಸಮುದ್ರದ ಗಾಳಿ ಗೋಡೆಯನ್ನೇ ಕೆಡವುತ್ತದೆ ಎಂದು ಕುರಿಯವನು ಹೇಳಿದ. ತನ್ನ ಅಜ್ಜ ಕಟ್ಟಿದ ಗೋಡೆ, ತಾನು ವರ್ಷಕ್ಕೆ ನಾಲ್ಕು ಕಲ್ಲು ಎತ್ತಿಡುತ್ತೇನೆ ಅಷ್ಟೇ ಅಂದ. ಮುಂದೆ ಒಂದು ಹುಲ್ಲುಗಾವಲು ತೋರಿಸಿ, ಇನ್ನೊಂದು ತಿಂಗಳಿಗೆ ಇದು ಕೆರೆ ಎಂದ. ನೀರು ಮೇಲಿನಿಂದ ಬರುವುದಿಲ್ಲ, ಬಂಡೆಯ ಬಿರುಕುಗಳಿಂದ ಕೆಳಗಿನಿಂದ ಏಳುತ್ತದಂತೆ, ಬೇಸಿಗೆಗೆ ಅಲ್ಲೇ ಇಳಿದು ಹೋಗುತ್ತದಂತೆ. ಕಾಕಾ ನಂಬಲಿಲ್ಲ. "ಪರದೇಶದವ್ರು ಅಂತ ಚಾಷ್ಟಿ ಮಾಡಾಕತ್ತಾನ," ಎಂದು ನನ್ನ ಕಿವಿಯಲ್ಲಿ ಹೇಳಿದ. ಆದರೂ ಆ ಹುಲ್ಲಿನ ಮೇಲೆ ಬೂಟು ಬಿಚ್ಚಿ ನಿಂತು ಕೆಳಗೆ ನೀರಿದೆಯೋ ಎಂದು ಒಮ್ಮೆ ಕಾಲು ಕುಟ್ಟಿ ನೋಡಿದ.

ಹದಿಮೂರನೇ ದಿನ ಕೊನೆಯ ಸಾಲು ಮುಗಿಯಿತು. ಕೀಲಿ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಆ ಸಂಜೆ ಕಾಕಾ ಅವಳ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದ. ನನಗೆ ರೊಟ್ಟಿ ನೆಟ್ಟಗೆ ಬಡಿಯಲು ಬರುವುದಿಲ್ಲ ಎಂದು ಆ ದೇಶದಲ್ಲೂ ಗೊತ್ತಾಗಿಹೋಯಿತು. ಅಜ್ಜಿ ಶೇಂಗಾ ಹಿಂಡಿಯನ್ನು, ನಮ್ಮ ಖಾರದ ಚಟ್ನಿಪುಡಿಯನ್ನು, ಬೆಣ್ಣೆಯ ಜೊತೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು, ನೀರು ಕುಡಿಯಲಿಲ್ಲ. ಇಷ್ಟು ಒಳ್ಳೆಯ ಮುದುಕಿಯನ್ನು ನಾನು ನಮ್ಮ ಅತ್ತೆಯ ಮನೆಯ ಕಡೆ ನೋಡಿಲ್ಲ.

ಮರುದಿನ ಗುರುವಾರ ಮಧ್ಯಾಹ್ನ ಅಜ್ಜಿ ಏಳೆಂಟು ಹಿರಿಯರನ್ನು ಭವನಕ್ಕೆ ಕರೆದಳು. ಅವರು ಸಾಮಾನಿನ ಕೋಣೆಯಿಂದ ಒಂದು ಉದ್ದನೆಯ ಹಸಿರು ಹಾಸನ್ನು ಸುರುಳಿ ಬಿಚ್ಚಿ ಹರಡಿದರು, ಆರಡಿ ಅಗಲ, ನಲವತ್ತೈದು ಅಡಿ ಉದ್ದ, ಒಂದು ತುದಿ ಬಾಗಿಲ ಕಡೆಗೆ. ಪೆಟ್ಟಿಗೆಯಿಂದ ತೆಂಗಿನಕಾಯಿ ಗಾತ್ರದ ಕಪ್ಪು ಚೆಂಡುಗಳು ಹೊರಬಂದವು. ಹಾಸಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಚೆಂಡು ಇಟ್ಟು, ಇನ್ನೊಂದು ತುದಿಯಿಂದ ಕಪ್ಪು ಚೆಂಡನ್ನು ಮೆಲ್ಲಗೆ ಉರುಳಿಸಿ ಅದರ ಹತ್ತಿರ ನಿಲ್ಲಿಸಬೇಕು. ಇದೇ ಆಟ. ಚಳಿಗಾಲವಿಡೀ ಆ ಹಳ್ಳಿಯ ಮುದುಕರು ವಾರಕ್ಕೆ ಎರಡು ಸಲ ಸೇರುವುದೇ ಇದಕ್ಕೆ. ಭವನ ತೆರೆಯುವ ಭಾನುವಾರ ಪಕ್ಕದ ಹಳ್ಳಿಯವರು ಬರುವುದೂ ಇದಕ್ಕೆ.

ಅಜ್ಜಿ ಮೊದಲ ಚೆಂಡು ಬಿಟ್ಟಳು. ಅದು ಸುಮ್ಮನೆ ಹೋಗಿ ಬಿಳಿ ಚೆಂಡನ್ನು ದಾಟಿ, ಹಾಸನ್ನು ದಾಟಿ, ಬರೀ ಕಲ್ಲಿನ ಮೇಲೆ ಇಳಿದು, ನಿಲ್ಲದೆ ಬಾಗಿಲವರೆಗೆ ನಡೆದುಕೊಂಡು ಹೋಯಿತು. ಆ ಚೆಂಡುಗಳ ಒಂದು ಮಗ್ಗುಲು ಹೆಚ್ಚು ಉಬ್ಬಿರುತ್ತದೆ, ಬಾಗಿ ಹೋಗುವುದು ಅವುಗಳ ಗುಣ ಎಂದು ಯಾರೋ ಹೇಳಿದ್ದರಿಂದ ಇದೂ ಅದರ ಗುಣವಿರಬೇಕು ಎಂದುಕೊಂಡೆ. ಎರಡನೆಯದೂ ಬಾಗಿಲಿಗೆ ಹೋಯಿತು. ಮೂರನೆಯದೂ. ತುದಿ ಬದಲಿಸಿ ಬಾಗಿಲ ಕಡೆಯಿಂದ ಬಿಟ್ಟರೆ ಚೆಂಡು ಅರ್ಧ ದಾರಿ ದಾಟಿ ದಣಿದು ನಿಂತಿತು. ಕಾಕಾನ ಕಡೆ ನೋಡಿದೆ. ಅವನು ಬಾಗಿಲ ಬಳಿ ಸಾಲಾಗಿ ಬಂದು ಕೂತಿದ್ದ ಮೂರು ಚೆಂಡುಗಳನ್ನು ನೋಡುತ್ತಿದ್ದ. ಅವು ಬಂದು ನಿಂತಿದ್ದ ಜಾಗದಲ್ಲೇ ನಮ್ಮ ಕಡೆಯಾದರೆ ನೀರು ಬಂದು ನಿಲ್ಲುತ್ತಿತ್ತು.

ಅಲ್ಲಿ ಯಾರೂ ನಮ್ಮನ್ನು ದೂರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು. ನಮ್ಮ ಕಡೆಯಾಗಿದ್ದರೆ ಇಷ್ಟೊತ್ತಿಗೆ ಗೌಂಡಿಯ ಕರಣಿ ಒಂದು ಕಡೆ, ಗೌಂಡಿ ಒಂದು ಕಡೆ. ಇವರು ಚೆಂಡಿಗೆ ವಯಸ್ಸಾಗಿದೆ, ನಮ್ಮ ಕೈಗೆ ವಯಸ್ಸಾಗಿದೆ ಎಂದು ನಗಾಡಿ, ನಮಗೆ ಚಹಾ ಕೊಟ್ಟು, ನೆಲ ಬಹಳ ಸುಂದರವಾಗಿದೆ ಎಂದು ಹೇಳಿ ಮನೆಗೆ ಹೋದರು. ಅಜ್ಜಿ ಚೆಂಡುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದಳು. ನಾನು ವಾಟದ ಕಥೆ ಬಾಯಿಗೆ ತರಲಿಲ್ಲ. ಕಲ್ಲಿನಲ್ಲಿ ತಪ್ಪು ಹಿಡಿಯುವುದು ನನ್ನ ಉದ್ಯೋಗ, ನನ್ನ ತಪ್ಪನ್ನು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕುರಿಯವನು, ನನ್ನ ಕಣ್ಣು ತಪ್ಪಿಸುತ್ತ, ಇದ್ದ ವಿಷಯ ಹೇಳಿದ. ಕಮಿಟಿ ಸೇರಿತ್ತು. ನಮಗೆ ಬೇಸರವಾಗಬಾರದೆಂದು ನಾವು ಹೊರಡುವ ತನಕ ಸುಮ್ಮನಿದ್ದು, ಆಮೇಲೆ ಕಲ್ಲಿನ ಮೇಲೆ ಮಟ್ಟದ ಪದರ ಸುರಿದು ವಿನೈಲ್ ಹಾಸುವುದು ಎಂದು ತೀರ್ಮಾನವಾಗಿತ್ತು. ಮುಂದಿನ ವಾರದ ಭಾನುವಾರದ ಆಟ ಪಕ್ಕದ ಹಳ್ಳಿಯಲ್ಲಿ. ಅಜ್ಜಿಯನ್ನು ಯಾರೂ ಆಡಿಕೊಳ್ಳಲಿಲ್ಲ, ಆದರೆ ಅವಳು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಇನ್ನು ಬೇರೆಯವರು ನೋಡಿಕೊಳ್ಳಲಿ ಅಂದಳಂತೆ.

ಕಾಕಾನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು, ಆದರೆ ಬೇರೆ ಕಡೆಯಿಂದ.

"ವಾಟ ಇಲ್ಲಂದ್ರ ತೊಳ್ದ ನೀರು ಎಲ್ಲಿ ಹೋಗಬೇಕ್ರಿ ಮೇಡಂ?"

"ಇವ್ರು ನೀರು ಹಾಕಿ ತೊಳೆಯಂಗಿಲ್ಲ ಕಾಕಾ. ಒದ್ದಿ ಅರಿವಿಲೆ ಒರಸ್ತಾರ."

"ಅದ್ಯಾವ ತೊಳೆಯೋದು. ನಾ ತಪ್ಪು ಮಾಡಿಲ್ಲ. ನೆಲಕ್ಕ ವಾಟ ಕೊಟ್ಟೀನಿ. ನಲವತ್ತು ವರ್ಷದಿಂದ ಕೊಟ್ಟೀನಿ."

"ತಪ್ಪು ನಂದು. ನಕ್ಷಾದಾಗ ಎರಡೂ ಕಡಿ ಒಂದೇ ಮಟ್ಟ ಬರ್ದಿತ್ತು. ನಾ ನೋಡೀನಿ."

ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೋಗಿ ಭವನದ ಹೊರಗಿನ ಕಟ್ಟೆಯ ಮೇಲೆ ಕೂತ. ಮಧ್ಯಾಹ್ನದ ಹೊತ್ತಿಗೆ ಐನಾಪುರದಿಂದ ಕಾಕಿಯ ವಿಡಿಯೋ ಕರೆ ಬಂತು. ಕಾಕಿ ದಿನಾ ಕರೆ ಮಾಡಿ, ಗಂಡ ಎಷ್ಟು ಸ್ವೆಟರ್ ಹಾಕಿದ್ದಾನೆ ಎಂದು ಎಣಿಸುವ ಹೆಂಗಸು. ಕಾಕಾ ಕತ್ತು ತಗ್ಗಿಸಿ ಎಲ್ಲವನ್ನೂ ಹೇಳಿದ, ಹೇಳುವಾಗ ತನ್ನ ಕಡೆಯ ವಾದವನ್ನು ಬಿಡಲಿಲ್ಲ. ಕಾಕಿ ಪೂರ್ತಿ ಕೇಳಿದಳು. ಅವಳ ಹಿಂದೆ ಅಂಗಳದಲ್ಲಿ ಮೊಮ್ಮಕ್ಕಳು ಕೇರಂ ಆಡುತ್ತಿದ್ದರು.

"ಈ ಕೇರಂ ಹಲಗಿಗಿ ವಾಟ ಕೊಟ್ರ ಹುಡುಗ್ರು ಆಡ್ತಾವೇನು?" ಅಂದಳು ಕಾಕಿ.

"ಅದು ಹಲಗಿ, ಇದು ನೆಲ."

"ಅವ್ರಿಗಿ ನೆಲಾನೇ ಹಲಗಿ. ನೀ ಏನು ಅಲ್ಲಿ ಮನಿ ಕಟ್ಟಾಕ ಹೋಗೀದೇನು? ಆಡೋ ಮುದುಕ್ಯಾರ ಹೊಟ್ಟಿ ಉರಿಸಿ ಬರಬ್ಯಾಡ. ಸ್ವೆಟರ್ ಒಂದು ಕಡಿಮಿ ಕಾಣಾಕತ್ತದಲ್ಲ, ಎಲ್ಲಿ ಹೋಯ್ತು?"

ಕರೆ ಮುಗಿದ ಮೇಲೆ ಕಾಕಾ ಎದ್ದು ಒಳಗೆ ಹೋದ. ನಾನು ಹಿಂದೆ ಹೋದೆ. ಅವನು ನೆಲದ ಮೇಲೆ ಮಂಡಿಯೂರಿ, ಒಂದು ಕಲ್ಲಿನ ಸಂದಿಗೆ ಕರಣಿಯ ತುದಿ ತೂರಿಸಿ ಗಚ್ಚು ಕೆರೆದು ಬೆರಳಲ್ಲಿ ಉಜ್ಜಿದ. ಅದು ಇನ್ನೂ ಹಸಿ. ಎರಡು ವಾರ ನಾವು ಬೈದ ಅದೇ ಗಚ್ಚು. ಸಿಮೆಂಟಾಗಿದ್ದರೆ ಮಾತೇ ಇರಲಿಲ್ಲ.

"ಬಿಡ್ತದ ಇದು," ಅಂದ. ಆಮೇಲೆ, ನನ್ನನ್ನು ಯಾವತ್ತೂ ಮೇಡಂ ಅನ್ನುವವನು, "ಕಿತ್ತಬೇಕವ್ವಾ. ಕಿತ್ತೋಣು," ಅಂದ. ಅವನ ಮುಖ ನೋಡಲು ನನಗಾಗಲಿಲ್ಲ. ನಲವತ್ತು ವರ್ಷದ ಹೆಮ್ಮೆಯನ್ನು ಮನುಷ್ಯ ಎರಡು ಮಾತಿನಲ್ಲಿ ಕೆಳಗಿಟ್ಟಿದ್ದ.

ನಾನು ನೇರ ಅಜ್ಜಿಯ ಅಡುಗೆಮನೆಗೆ ಹೋದೆ. ನಕ್ಷೆ ಬಿಚ್ಚಿ, ನಮ್ಮ ಮನೆಗಳನ್ನು ಹೇಗೆ ತೊಳೆಯುತ್ತಾರೆ ಎಂಬುದರಿಂದ ಹಿಡಿದು ನಾನು ನಕ್ಷೆ ಮಡಚಿಟ್ಟವರೆಗೆ ಎಲ್ಲವನ್ನೂ ಹೇಳಿದೆ. ಅವಳು ನಕ್ಕುಬಿಟ್ಟಳು. ನೆಲಕ್ಕೆ ಕೊಡಗಟ್ಟಲೆ ನೀರು ಸುರಿಯುವ ಮನೆಯನ್ನು ತಾನು ನೋಡಬೇಕು ಅಂದಳು. ತೊಂದರೆ ತೆಗೆದುಕೊಳ್ಳಬೇಡಿ, ನಾವು ಹೇಗೋ ರೂಢಿಮಾಡಿಕೊಳ್ಳುತ್ತೇವೆ ಎಂದೂ ಅಂದಳು. ವಿನೈಲ್ ವಿಷಯ ನನಗೆ ಗೊತ್ತು ಎಂದಾಗ ನಗು ನಿಂತಿತು. ಇನ್ನು ಹನ್ನೊಂದು ದಿನಕ್ಕೆ ಮಂಗಳವಾರ ನಮ್ಮ ವಿಮಾನ, ಅದಕ್ಕೆ ಮೊದಲಿನ ಭಾನುವಾರ ನಿಮ್ಮ ಆಟ, ಆ ಆಟ ಇಲ್ಲೇ ನಡೆಯಬೇಕು, ಕೀಲಿಕೈ ವಾಪಸ್ಸು ತೆಗೆದುಕೊಳ್ಳಿ ಎಂದೆ. ನಮ್ಮ ಯಜಮಾನರು ಹೇಳಿದ್ದನ್ನು ಮರೆತು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಅನ್ನಿಸುತ್ತದೆ. ಅವಳು ಕೋಟು ಹಾಕಿಕೊಂಡು ಕೀಲಿಕೈ ತರಲು ಹೊರಟೇಬಿಟ್ಟಳು.

ಶನಿವಾರ ಬೆಳಿಗ್ಗೆ ಕೀಳಲು ಶುರುಮಾಡಿದೆವು. ಬಾಗಿಲ ಬಳಿಯ ಸಾಲು ಹೊಸ್ತಿಲಿಗೆ ಸರಿಯಾಗಿ ಕೂತಿತ್ತು, ಅದನ್ನು ಮುಟ್ಟಲಿಲ್ಲ. ಉಳಿದ ಎಲ್ಲವೂ ಅದರ ಮಟ್ಟಕ್ಕೆ ಇಳಿಯಬೇಕು. ಒಂದೊಂದು ಕಲ್ಲಿನ ದಪ್ಪ ಬೇರೆಯಾದ್ದರಿಂದ ಎತ್ತುವ ಮೊದಲು ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ, ಅವಸರದಲ್ಲಿ ಕನ್ನಡ ಅಂಕಿಯಲ್ಲೇ ಬರೆದುಬಿಟ್ಟೆ. ಕುರಿಯವನೂ ಅವನ ನೆರೆಯ ಇಬ್ಬರೂ ಕಲ್ಲು ಹೊತ್ತು ಹೊರಗೆ ಸಾಲಾಗಿ ಒರಗಿಸುತ್ತಿದ್ದರು. ಸೋಮವಾರದ ಹೊತ್ತಿಗೆ ಕುರಿಯವನು ೩ಕ್ಕೂ ೬ಕ್ಕೂ ಇರುವ ವ್ಯತ್ಯಾಸವನ್ನು ಉಳಿದವರಿಗೆ ಕಲಿಸುತ್ತಿದ್ದ.

ಆಟದ ಹಾಸು ಬೀಳುವುದು ನಡುವೆ. ಹಾಗಾಗಿ ಕಾಕಾ ಮೊದಲು ನಡುವಿನ ಐದು ಕಲ್ಲಿನ ಅಗಲದ ಪಟ್ಟಿಯನ್ನು ಉದ್ದಕ್ಕೂ ಮುಗಿಸಲು ತೀರ್ಮಾನಿಸಿದ. ಅದಕ್ಕೆ ಒಣಗಲು ಹೆಚ್ಚು ದಿನ ಸಿಗುತ್ತದೆ, ಬದಿಯ ಮೂರು ಮೂರು ಸಾಲು ಆಮೇಲೆ. ಹಳೆಯ ಗಚ್ಚನ್ನು ಕೆರೆದು, ಉಳಿದದ್ದರ ಮೇಲೆ ಹೊಸದನ್ನು ಎಲ್ಲ ಕಡೆ ಒಂದೂವರೆ ಇಂಚಿಗೆ ತಂದು, ಕಲ್ಲು ಕೂರಿಸಿ, ಮರದ ಸುತ್ತಿಗೆಯಿಂದ ನಾಲ್ಕು ಮೂಲೆ ತಟ್ಟುವುದು. ಪೊಳ್ಳು ಸದ್ದು ಬಂದರೆ ಮತ್ತೆ ಎತ್ತುವುದು. ಕಾಕಾನಿಗೆ ಇದರಲ್ಲಿ ಕಷ್ಟವಾದದ್ದು ಕೈಗಲ್ಲ, ಕೈಯ ರೂಢಿಗೆ. ಗಮನ ತಪ್ಪಿದರೆ ಸುತ್ತಿಗೆ ಬಾಗಿಲ ಕಡೆಯ ಅಂಚನ್ನು ಒಂದು ಪೆಟ್ಟು ಹೆಚ್ಚು ತಟ್ಟುತ್ತಿತ್ತು. ಭಾನುವಾರ ಹಾಸಿದ ಒಂಬತ್ತು ಕಲ್ಲು ಹೀಗೆ ವಾಟ ಹಿಡಿದಿದ್ದನ್ನು ಪೈಪು ತೋರಿಸಿತು. ಒಂಬತ್ತನ್ನೂ ಎತ್ತಿದೆವು. ಆಮೇಲೆ ಅವನು ಅಜ್ಜಿಯಿಂದ ಒಂದು ಕಪ್ಪು ಚೆಂಡು ಇಸಿದುಕೊಂಡ. ಪ್ರತಿ ಕಲ್ಲು ಕೂರಿಸಿದ ಮೇಲೂ ಅದನ್ನು ಕಲ್ಲಿನ ನಡುವೆ ಇಟ್ಟು, ಕೈ ತೆಗೆದು, ಉಸಿರು ಬಿಡದೆ ನೋಡುವುದು. ಚೆಂಡು ಕೂತರೆ ಮುಂದಿನ ಕಲ್ಲು.

ಒಳತುದಿಯಲ್ಲಿ ಮೊದಲು ಹಾಸಿದ ಕಲ್ಲುಗಳ ಗಚ್ಚು ಗಟ್ಟಿಯಾಗಿತ್ತು. ಎತ್ತುವಾಗ ಒಟ್ಟು ಹದಿನೇಳು ಕಲ್ಲು ಮುರಿದವು. ಹೆಚ್ಚುವರಿ ಇದ್ದದ್ದು ಹದಿನಾಲ್ಕು. ಮೂರು ಕಲ್ಲಿನ ಜಾಗ ಖಾಲಿ, ಕೈಯಲ್ಲಿ ಎರಡು ದಿನ, ಶಹಾಬಾದ್ ಸಮುದ್ರದಾಚೆ. ಬುಧವಾರ ಮಧ್ಯಾಹ್ನ ಕುರಿಯವನು ಏನೂ ಹೇಳದೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ, ತನ್ನ ಹಳೆಯ ದನದ ಕೊಟ್ಟಿಗೆಯ ನೆಲದಿಂದ ಎಬ್ಬಿಸಿದ ಒಂದು ದೊಡ್ಡ ಚಪ್ಪಡಿ ತಂದು ಇಳಿಸಿದ. ನಾನು ಅಭ್ಯಾಸ ಬಲದಿಂದ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಸದ್ದು ಗಂಟೆಯ ಹಾಗೆ ಬಂತು. ಬೇಡ ಅನ್ನಲು ಏನೂ ಸಿಗಲಿಲ್ಲ. ಕಾಕಾ ಅದನ್ನು ಮೂರು ತುಂಡು ಮಾಡಿ, ದಪ್ಪ ಇಳಿಸಿ, ಎಡಬದಿಯ ಸಾಲಿನಲ್ಲಿ ಕೂರಿಸಿದ. ಬಣ್ಣ ಒಂದು ಗುಂಜಿಯಷ್ಟು ಕಪ್ಪು, ಅಷ್ಟೇ.

ಗುರುವಾರ ಸಂಜೆ ಕೊನೆಯ ಕಲ್ಲು ಕೂತಿತು. ಕಾಕಾನ ಮಂಡಿ ಬಾತುಕೊಂಡಿತ್ತು. ಅಜ್ಜಿ ಬಿಸಿನೀರಿನ ಚೀಲ ತಂದು ಅವನ ಮಂಡಿಗೆ ಕಟ್ಟಿದಳು. ಅವನು ಕನ್ನಡದಲ್ಲಿ ಬೇಡವೆಂದ, ಅವಳು ಇಂಗ್ಲಿಷಿನಲ್ಲಿ ಗದರಿದಳು, ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಶುಕ್ರವಾರ, ಶನಿವಾರ ನೆಲದ ಮೇಲೆ ಬೆಕ್ಕನ್ನೂ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಪಕ್ಕದ ಹಳ್ಳಿಯವರು ಬಂದರು. ಕಮಿಟಿಯ ವಿನೈಲ್ ಪಕ್ಷದವರು ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಹಸಿರು ಹಾಸು ಬಿಚ್ಚಿದರು. ಕಾಕಾ ಒಳಗೆ ಬರಲು ಒಪ್ಪದೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತ. ಇನ್ನೊಮ್ಮೆ ಆ ಚೆಂಡು ತನ್ನ ಕಾಲ ಬಳಿ ಬಂದರೆ ನೋಡಲಾರೆ ಎಂಬುದು ಅವನು ಹೇಳದೆ ನನಗೆ ತಿಳಿಯಿತು. ನಾನು ಹೊಸ್ತಿಲ ಮೇಲೆ, ಅವನಿಗೂ ಆಟಕ್ಕೂ ನಡುವೆ ನಿಂತೆ.

ಮೊದಲ ಚೆಂಡು ಕೀಲಿ ಅಜ್ಜಿಯದು. ಬಾಗಿಲ ಕಡೆಗೇ ಬಿಡಬೇಕು. ಅವಳು ಬಾಗಿ, ಒಂದು ಮಂಡಿ ಮಡಚಿ, ಚೆಂಡನ್ನು ಬಿಟ್ಟಳು. ಅದು ಹಸಿರು ಹಾಸಿನ ಮೇಲೆ ಬಂತು, ಮೆಲ್ಲಗಾಯಿತು, ತನ್ನ ಗುಣದಂತೆ ಎಡಕ್ಕೆ ಬಾಗಿತು, ಬಿಳಿ ಚೆಂಡಿಗೆ ಇನ್ನೂ ಎರಡು ಗೇಣು ಇರುವಾಗ ನಿಂತಿತು. ಅಲುಗಲಿಲ್ಲ. ಎರಡನೆಯದನ್ನು ಬಿಟ್ಟಳು. ಅದು ತೀರಾ ಬಲಕ್ಕೆ ಹೋಗಿ ಹಾಸಿನ ಅಂಚಿನಲ್ಲಿ, ಬಿಳಿ ಚೆಂಡಿಗೆ ಸಂಬಂಧವೇ ಇಲ್ಲದ ಕಡೆ ನಿಂತಿತು. ಪಕ್ಕದ ಹಳ್ಳಿಯವರು ನಕ್ಕರು. ಅಜ್ಜಿ ನೆಟ್ಟಗಾಗಿ, ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಏನೋ ಹೇಳಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ರೊಟ್ಟಿ ತಿನ್ನುವಾಗಲೂ ನೋಡಿರಲಿಲ್ಲ.

ಹೊರಗಿನಿಂದ ಕಾಕಾ ತಿರುಗದೆಯೇ ಕೇಳಿದ. "ಎಲ್ಲಿ ಹೋಯ್ತು ಚೆಂಡು?"

"ಅಡ್ಡ ಹೋಯ್ತು ಕಾಕಾ. ಅಂಚಿಗಿ ನಿಂತದ."

"ಆಯಿ ಏನಂದ್ಳು?"

"ಈ ಸಲ ತಪ್ಪು ನಂದೇ, ನೆಲದ್ದು ಅಲ್ಲ ಅಂದ್ಳು."

ಅವನು ಕಟ್ಟೆಯಿಂದ ಎದ್ದು, ಬೂಟು ಬಿಚ್ಚಿ ಬಾಗಿಲ ಬದಿಗಿಟ್ಟು, ಒಳಗೆ ಬಂದ.

"ಇನ್ನೊಂದು ಹಾಕು ಅಂತ ಹೇಳು ಆಯಿಗಿ," ಅಂದ. "ನಾ ನೋಡ್ತೀನಿ."